ಹಿತ್ಲು ರೈಲಿಗೆ ಎಷ್ಟಾಯ್ತು ಅಂತ ಕೇಳ್ದೋರಿಗೆ

ಯುಗಾದಿ ಆದ್ಮೇಲೆ ನಾನು ಇಲ್ಲಿ ಏನೂ ಬರೆದೇ ಇರ್ಲಿಲ್ಲ. ಹುಣಸೇಹಣ್ಣಿನ ಕೆಲಸ, ಮನೆಯವ್ರ ಔಷಧಿ, ಆಸ್ಪತ್ರೆ ಓಡಾಟ ಅಂತ ದಿನ ಹೋದದ್ದೇ ಗೊತ್ತಾಗ್ಲಿಲ್ಲ. ಈಗ ಬರೀಲೇಬೇಕಾಯ್ತು. ಯಾಕಂದ್ರೆ ಊರಲ್ಲಿ, ನೆಂಟರಲ್ಲಿ, ಮೊನ್ನೆ ಗೃಹಪ್ರವೇಶಕ್ಕೆ ಹೋದಾಗ ಊಟದ ಪಂಕ್ತೀಲೂ ಎಲ್ಲಾರದೂ ಒಂದೇ ಮಾತು: "ನಿಮ್ ಹಿತ್ಲಲ್ಲಿ ಕಂಪ್ಯೂಟರ್ ರೈಲು ಓಡ್ತದಂತಲ್ಲಾ, ಎಷ್ಟಾಯ್ತು?" ಕೆಲವ್ರು ಬಾಯಿಬಿಟ್ಟು ಕೇಳ್ತಾರೆ, ಕೆಲವ್ರು ಕಣ್ಣಲ್ಲೇ ಕೇಳ್ತಾರೆ. ಕಾಯಿಲೆ ಮನೇಲಿ ಆಟದ ಸಾಮಾನಿಗೆ ದುಡ್ಡು ಹಾಕಿದ್ರಾ ಅಂತ. ಕೇಳೋದು ತಪ್ಪಲ್ಲ ಕಣ್ರಮ್ಮಾ. ಅದಕ್ಕೇ ಎಲ್ಲಾ ಲೆಕ್ಕಾನೂ ಇಲ್ಲೇ ಬರೀತೀನಿ.

ಮೊದ್ಲು ಒಂದು ಮಾತು. ರೈಲು ಈಗ ಮಾಡಿದ್ದಲ್ಲ. ನಮ್ಮೆಜಮಾನ್ರು ದೊಡ್ಡಬಳ್ಳಾಪುರದಲ್ಲಿ ಫಿಟ್ಟರ್ ಕೆಲಸದಲ್ಲಿದ್ದಾಗಿಂದ, ಭಾನುವಾರ ಭಾನುವಾರ ಕೂತ್ಕೊಂಡು ಒಂದೊಂದೇ ತುಂಡು ಸೇರ್ಸಿ ಮಾಡಿದ್ದು. ಅವ್ರಪ್ಪ, ಅಂದ್ರೆ ನಮ್ಮ ಮಾವನೋರು, ಯಲಹಂಕ–ಚಿಕ್ಕಬಳ್ಳಾಪುರ ಲೈನಲ್ಲಿ ಗ್ಯಾಂಗ್‌ಮನ್ ಆಗಿದ್ರು. ಆ ಲೈನು 1915ರಲ್ಲಿ ಶುರುವಾಗಿದ್ದು. ಹಳಿ ಮಧ್ಯೆ ಅಗಲ ಎರಡೂವರೆ ಅಡಿ ಅಷ್ಟೆ. ದೇವನಹಳ್ಳಿ, ಆವತಿ, ನಂದಿ ಹಾಲ್ಟ್ ಅಂತ ಪುಟ್ಟ ಪುಟ್ಟ ಸ್ಟೇಷನ್ನು. ನನ್ನ ವಯಸ್ಸಿನೋರು ಆ ಚಿಕ್ಕ ರೈಲು ನೋಡಿರ್ತೀರ. ಆಮೇಲೆ ತೊಂಬತ್ತರ ದಶಕದಲ್ಲಿ ಹಳಿ ಕಿತ್ತು ದೊಡ್ಡ ಹಳಿ ಹಾಕಿದ್ರು, ಐದೂವರೆ ಅಡೀದು. ಚಿಕ್ಕ ರೈಲು ಹೋಯ್ತು. ಹೋದದ್ದನ್ನ ನಮ್ಮೆಜಮಾನ್ರು ಚಕ್ಕೋತದ ಗಿಡದ ಬುಡದಲ್ಲಿ ತಂದಿಟ್ಕೊಂಡ್ರು ಅನ್ನಿ.

ಇವ್ರು ಹಾಕಿರೋ ಹಳಿ ಅಗಲ 45 ಮಿಲಿಮೀಟರ್. ಹೊರದೇಶದಲ್ಲಿ ತೋಟದಲ್ಲಿ ರೈಲು ಓಡ್ಸೋರು ಹೆಚ್ಚಾಗಿ ಇದೇ ಅಳತೆ ಇಟ್ಕೊತಾರಂತೆ. ಜರ್ಮನಿಯ ನ್ಯೂರೆಂಬರ್ಗಿನ ಲೆಹ್ಮನ್ ಕಂಪನಿಯವ್ರು 1968ರಲ್ಲಿ ಈ ಅಳತೆಯ ತೋಟದ ರೈಲು ತಂದ್ಮೇಲೆ ಅದೇ ರೂಢಿ ಆಯ್ತು. ಅದನ್ನ ತರ್ಸೋ ಶಕ್ತಿ ನಮಗೆಲ್ಲಿಂದ ಬರ್ಬೇಕು? ಇವ್ರು ಅಲ್ಯುಮಿನಿಯಂ ಪಟ್ಟಿ ತಂದು, ಪ್ಯಾಕಿಂಗ್ ಪೆಟ್ಟಿಗೆ ಮರ ಕುಯ್ದು ಅಡ್ಡಪಟ್ಟಿ ಮಾಡಿ, ತಾವೇ ಹಳಿ ಕೂರಿಸಿದ್ರು. ಎರಡೂವರೆ ಅಡಿ ಹಳಿ 45 ಮಿಲಿಮೀಟರ್ ಆಗ್ಬೇಕು ಅಂದ್ರೆ ಎಲ್ಲಾನೂ ಹದಿನೇಳರಲ್ಲಿ ಒಂದು ಪಾಲಿಗೆ ಇಳಿಸ್ಬೇಕು. ಐದೂವರೆ ಅಡಿ ಮನುಷ್ಯ ನಾಲ್ಕು ಇಂಚಿಗೆ ಬರ್ತಾನೆ. ಅದಕ್ಕೇ ನಮ್ಮ ದಸರಾ ಬೊಂಬೆ ಸಾಲಲ್ಲಿದ್ದ ಚನ್ನಪಟ್ಟಣದ ಚಿಕ್ಕ ಬೊಂಬೆಗಳೆಲ್ಲಾ ಈಗ ಪ್ಲಾಟ್‌ಫಾರಂ ಮೇಲೆ ಕಾಯ್ಕೊಂಡು ನಿಂತವೆ.

ಹಳಿ ಸುತ್ತು ಸುಮಾರು 22 ಮೀಟರ್ ಐತೆ. ಬಚ್ಚಲ ಹಿಂದಿಂದ ಹೊರಟು, ಚಕ್ಕೋತದ ಗಿಡ, ಕರಿಬೇವಿನ ಗಿಡ ಸುತ್ತಿ ಬಂದು ಜಗಲಿ ಪಕ್ಕ ಒಂದು ಸ್ಟೇಷನ್ನು. ಹೆಸರು ನಂದಿ ಹಾಲ್ಟ್. ಸ್ಟೇಷನ್ನಲ್ಲಿ ಎರಡು ಹಳಿ, ಒಂದರಲ್ಲಿ ಪ್ಯಾಸೆಂಜರ್, ಒಂದರಲ್ಲಿ ಗೂಡ್ಸು. ಒಂದು ನಿಂತಿದ್ದಾಗ ಇನ್ನೊಂದು ಸುತ್ತು ಹೋಗಿ ಬರ್ಬೇಕು. ಎರಡೂ ಒಟ್ಟಿಗೆ ಹೊರಟ್ರೆ ಗುದ್ದಾಟ. ಇವ್ರು ಕೈಯಲ್ಲಿ ಒಂದು ಚಿಕ್ಕ ಡಬ್ಬಿ ಹಿಡ್ಕೊಂಡು, ಗುಂಡಿ ತಿರುಗಿಸಿ ವೇಗ ಹೆಚ್ಚು ಕಮ್ಮಿ ಮಾಡ್ತಾ, ಬಗ್ಗಿ ಬಗ್ಗಿ ಪಾಯಿಂಟು ತಿರುಗಿಸ್ತಾ ಸಂಜೆ ಹೊತ್ತು ಓಡಿಸೋರು.

ಎರಡು ವರ್ಷದ ಹಿಂದೆ ಸಂಕ್ರಾಂತಿ ಆದ್ಮೇಲೆ ಅವ್ರಿಗೆ ಲಕ್ವ ಹೊಡೀತು. ಇದು ನಿಮಗೆಲ್ಲಾ ಗೊತ್ತಿರೋ ವಿಷಯ. ಬಲಗೈ, ಬಲಗಾಲು. ಕಾಲು ಕೋಲು ಹಿಡಿದು ನಡೆಯೋ ಅಷ್ಟು ಬಂತು. ಮಾತೂ ನಿಧಾನಕ್ಕೆ ಬಂತು. ಕೈ ಬರ್ಲಿಲ್ಲ. ಒಂದಿನ ಎಡಗೈಲೇ ರೈಲು ಓಡಿಸ್ತೀನಿ ಅಂತ ಹೋದ್ರು. ಪ್ಯಾಸೆಂಜರ್ ಹೊರಡ್ತು, ತಿರುವಲ್ಲಿ ನಿಧಾನ ಮಾಡೋಕೆ ಆಗ್ಲಿಲ್ಲ, ಇಂಜಿನ್ನು ಹಳಿ ಬಿಟ್ಟು ಬಚ್ಚಲ ಮೋರಿಗೆ ಬಿತ್ತು. ಅವತ್ತಿಂದ ಅದರ ಕಡೆ ತಿರುಗೂ ನೋಡ್ಲಿಲ್ಲ. ಜಗಲಿ ಮೇಲೆ ಕುರ್ಚಿ ಹಾಕ್ಕೊಂಡು ಕೂರೋರು, ಮುಖ ರಸ್ತೆ ಕಡೆ. ಫಿಸಿಯೋ ಹುಡುಗ ಬಂದು ಹೋಗೋದು, ಒಂದು ಸಲಕ್ಕೆ 400 ರೂಪಾಯಿ. ಅವನು ಹೇಳಿಕೊಟ್ಟ ಚೆಂಡು ಹಿಸುಕೋ ವ್ಯಾಯಾಮ ಇವ್ರು ಮಾಡ್ತಿರ್ಲಿಲ್ಲ. "ಯಾಕ್ ಹಿಸುಕ್ಬೇಕು ಇದನ್ನ?" ಅನ್ನೋರು. ನನಗೆ ಉತ್ತರ ಇರ್ತಿರ್ಲಿಲ್ಲ.

ಮಗಳು ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಓದಿ ಬೆಂಗ್ಳೂರಲ್ಲಿ ಕೆಲಸ ಮಾಡ್ತಾಳೆ, ವಾರಕ್ಕೊಮ್ಮೆ ಬರ್ತಾಳೆ. ಅವಳೇ ಅಂದಿದ್ದು, "ಅಮ್ಮಾ, ಅಪ್ಪಂಗೆ ಕೈಲಿ ಆಗ್ದೇ ಇರೋದನ್ನ ಕಂಪ್ಯೂಟರ್ ಹತ್ರ ಮಾಡ್ಸಬಹುದು" ಅಂತ. ನಾನು, "ದುಡ್ಡೆಷ್ಟು?" ಅಂದೆ. "ನೀನೆಷ್ಟು ಕೊಡ್ತೀಯ?" ಅಂದ್ಳು. ನಮ್ಮೂರು ಹುಣಸೇ ತೋಪಿಗೆ ಹೆಸರಾದ ಊರು, 54 ಎಕರೆ ತೋಪು, 2007ರಲ್ಲಿ ದೇಶದಲ್ಲೇ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಅದನ್ನ ಘೋಷಣೆ ಮಾಡಿದ್ರು. ಆ ತೋಪಿನ ಹಣ್ಣಲ್ಲ, ನಮ್ಮ ಹೊಲದ ಬದುವಿನ ಎರಡು ಮರದ್ದು, ನಾನೇ ಬೀಜ ಬಿಡಿಸಿ ಮಾರಿದ ದುಡ್ಡು 4,000 ಡಬ್ಬಿಯಲ್ಲಿತ್ತು. ಅಷ್ಟೇ, ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಲ್ಲ ಅಂದೆ.

ಕಂಪ್ಯೂಟರ್ ಅಂದ ತಕ್ಷಣ ಟೀವಿ ಥರದ ಪೆಟ್ಟಿಗೆ ಅನ್ಕೋಬೇಡಿ. ಇದು ಬೆಂಕಿಪೊಟ್ಟಣದಷ್ಟಿರೋ ಹಲಗೆ. ಇಟಲಿ ದೇಶದ ಇವ್ರಿಯಾ ಅನ್ನೋ ಊರಲ್ಲಿ 2005ರಲ್ಲಿ ಕಾಲೇಜು ಮಕ್ಕಳಿಗೆ ಕಮ್ಮಿ ಬೆಲೆಗೆ ಸಿಗ್ಲಿ ಅಂತ ಆರ್ಡುಯಿನೋ ಅನ್ನೋ ಹಲಗೆ ಮಾಡಿದ್ರು. ಅದಾದ್ಮೇಲೆ ಆ ದಾರೀಲೇ ಇನ್ನೂ ಅಗ್ಗದ ಹಲಗೆಗಳು ಬಂದ್ವು. ಮಗಳು ತಂದಿದ್ದು ಇಎಸ್‌ಪಿ 8266 ಅನ್ನೋದು. ಇದ್ರಲ್ಲಿ ವೈಫೈ ಒಳಗೇ ಐತೆ. ಇಂಜಿನ್ನಿಗೊಂದು, ಇನ್ನೊಂದು ಇಂಜಿನ್ನಿಗೊಂದು, ಸ್ಟೇಷನ್ನಿಗೊಂದು. ಮೂರೂ ತಮ್ಮ ತಮ್ಮಲ್ಲೇ ಮಾತಾಡ್ಕೊತವೆ. ಇಂಟರ್ನೆಟ್ ಬೇಡ, ಡೇಟಾ ಖರ್ಚಿಲ್ಲ.

ಎಸ್.ಪಿ. ರೋಡಿಂದ ತಂದ ಸಾಮಾನಿನ ಲೆಕ್ಕ ಹೀಗೈತೆ. ಹಲಗೆ ಮೂರು, 750. ಮೋಟಾರಿಗೆ ಕರೆಂಟ್ ಹೆಚ್ಚು ಕಮ್ಮಿ ಮಾಡೋ ಡ್ರೈವರ್ ಎರಡು, 240. ರೀಡ್ ಸ್ವಿಚ್ಚು ಹತ್ತು, 200. ಚಿಕ್ಕ ಅಯಸ್ಕಾಂತ ಹನ್ನೆರಡು, 120. ಸರ್ವೋ ಮೋಟಾರ್ ಎರಡು, 260. ಬ್ಯಾಟರಿ ಸೆಲ್ಲು ನಾಲ್ಕು 720, ಅದರ ಚಾರ್ಜರ್ 250. ವೈರು, ಬಟನ್ನು, ಬೆಸುಗೆ ಸಾಮಾನು 600. ಒಟ್ಟು 3,140. ಬಸ್ಸು, ಕಾಫಿ ಎಲ್ಲಾ ಸೇರಿ 3,500 ಅನ್ನಿ. ಮಿಕ್ಕ 500 ಡಬ್ಬೀಗೇ ವಾಪಸ್ ಹೋಯ್ತು. ಸ್ಟೇಷನ್ ಹಲಗೆಗೆ ಹಳೇ ಫೋನಿನ ಚಾರ್ಜರ್ರೇ ಸಾಕು. ಎಲ್ಲಾ ಕೂತಿರೋದು ಐಸ್‌ಕ್ರೀಂ ಡಬ್ಬಿ, ಸೋಪಿನ ಡಬ್ಬಿ ಒಳಗೆ.

ಬ್ಯಾಟರಿ ಯಾಕೆ, ಹಳೀಗೇ ಕರೆಂಟ್ ಕೊಡಬಹುದಲ್ಲಾ ಅಂತ ನಮ್ಮ ದೊಡ್ಡಭಾವನೋರು ಕೇಳಿದ್ರು. ಮನೆಯೊಳಗೆ ಹಿತ್ತಾಳೆ ಹಳಿ ಇದ್ರೆ ಸರಿ. ಅಲ್ಯುಮಿನಿಯಂ ಮೇಲೆ ಗಾಳಿಗೆ ಒಂದು ಪೊರೆ ಕಟ್ಕೊತದೆ, ಅದ್ರಲ್ಲಿ ಕರೆಂಟ್ ಸರಿಯಾಗಿ ಹಾಯಲ್ಲ. ಮೇಲೆ ಧೂಳು, ಎಲೆ, ಮಳೆ. ದಿನಾ ಹಳಿ ಉಜ್ಜೋರು ಯಾರು? ಇಂಜಿನ್ನಲ್ಲೇ ಬ್ಯಾಟರಿ ಇಟ್ರೆ ಆ ತಂಟೇನೇ ಇಲ್ಲ.

ಈಗ ಕಂಪ್ಯೂಟರ್ ಮಾಡೋ ಕೆಲಸ ಏನು ಅಂತ ಹೇಳ್ತೀನಿ. ನನಗೆ ಅರ್ಥ ಆಗೈತೆ ಅಂದ್ಮೇಲೆ ನಿಮಗೂ ಆಗ್ತದೆ. ರೈಲು ಎಲ್ಲೈತೆ ಅಂತ ಗೊತ್ತಾಗ್ಬೇಕು, ಅದೇ ಮೊದಲನೇ ಕೆಲಸ. ಇಂಜಿನ್ನಿನ ಹೊಟ್ಟೆ ಕೆಳಗೆ ಅಯಸ್ಕಾಂತ ಅಂಟಿಸವ್ಳೆ. ಹಳಿ ಮಧ್ಯೆ ನಾಲ್ಕು ಕಡೆ ರೀಡ್ ಸ್ವಿಚ್ಚು. ಗಾಜಿನ ಕೊಳವೆಯೊಳಗೆ ಎರಡು ತೆಳು ತಗಡು ಇರ್ತವೆ, ಅಯಸ್ಕಾಂತ ಹತ್ರ ಬಂದ್ರೆ ಒಂದಕ್ಕೊಂದು ಅಂಟ್ಕೊತವೆ, ದೂರ ಹೋದ್ರೆ ಬಿಡ್ತವೆ. ಅಂಟ್ಕೊಂಡ ತಕ್ಷಣ ಸ್ಟೇಷನ್ ಹಲಗೆಗೆ ರೈಲು ಬಂತು ಅಂತ ಗೊತ್ತಾಗ್ತದೆ.

ಸ್ಟೇಷನ್ನಿಗೆ ಮುಂಚೆ ಒಂದು ಸ್ವಿಚ್ಚು, ಪ್ಲಾಟ್‌ಫಾರಂ ಹತ್ರ ಎರಡು ಹಳೀಗೂ ಒಂದೊಂದು. ಯಾಕೆ ಅಂದ್ರೆ ಹಾಲು ಕಾಯ್ಸೋ ಥರ. ಉಕ್ಕಿದ್ಮೇಲೆ ಒಲೆ ಆರಿಸಿದ್ರೆ ಏನ್ ಬಂತು? ಅಂಚಿಗೆ ಬರೋಕೆ ಮುಂಚೆ ಉರಿ ಸಣ್ಣ ಮಾಡ್ಬೇಕು, ಆಮೇಲೆ ಆರಿಸ್ಬೇಕು. ಮೊದಲನೇ ಸ್ವಿಚ್ಚು ಉರಿ ಸಣ್ಣ ಮಾಡೋದು, ಎರಡನೇದು ಆರಿಸೋದು. ನಾಲ್ಕನೇ ಸ್ವಿಚ್ಚು ಸ್ಟೇಷನ್ ದಾಟಿದ್ಮೇಲೆ, ಹೊರಟಿದ್ದು ಪೂರ್ತಿ ಹೋಯ್ತಾ ಅಂತ ನೋಡೋಕೆ. ಒಂದು ರೈಲು ಹೊರಗಿದ್ರೆ ಇನ್ನೊಂದನ್ನ ಬಿಡಲ್ಲ. ಹೊರಗಿರೋದು ಪ್ಯಾಸೆಂಜರ್ರೋ ಗೂಡ್ಸೋ ನೆನಪಿಟ್ಕೊಂಡು, ಅದು ಬರೋ ಹೊತ್ತಿಗೆ ಅದರ ಹಳೀಗೆ ಪಾಯಿಂಟು ತಿರುಗಿಸ್ತದೆ. ತಿರುಗಿಸೋದು ಒಂದು ಸರ್ವೋ ಮೋಟಾರ್, ಇನ್ನೊಂದು ಸರ್ವೋ ಕೈಮರ ಇಳಿಸೋಕೆ. ಒಂದು ಸುತ್ತಿಗೆ ಒಂದೂವರೆ ನಿಮಿಷ.

ಇನ್ನೊಂದು ವಿಷಯ ನಮ್ಮೆಜಮಾನ್ರೇ ಮಗಳಿಗೆ ಹೇಳಿದ್ದು, ಒಂದೊಂದೇ ಮಾತು ಹುಡುಕ್ಕೊಂಡು. ಮಾವನೋರ ಕಾಲದ ಕೈಮರ ಅಡ್ಡ ಇದ್ರೆ ನಿಲ್ಲು, ಇಳಿದ್ರೆ ಹೋಗು. ತಂತಿ ಕಿತ್ತೋದ್ರೆ ಭಾರಕ್ಕೆ ತಾನಾಗೇ ಅಡ್ಡಕ್ಕೆ ಬಂದು ನಿಲ್ತದೆ. ಅಂದ್ರೆ ಕೆಟ್ಟೋದ್ರೂ ನಿಲ್ಲು ಅಂತಾನೇ ಹೇಳ್ಬೇಕು, ಹೋಗು ಅಂತ ಯಾವತ್ತೂ ಹೇಳ್ಬಾರ್ದು. ಮಗಳು ಅದನ್ನೇ ಹಾಕಿದ್ಳು: ಸ್ಟೇಷನ್ನಿಂದ ಒಂದು ಸೆಕೆಂಡು ಮಾತು ಬರ್ದಿದ್ರೆ ಇಂಜಿನ್ನು ತಾನೇ ನಿಂತ್ಕೊತದೆ. ನಮ್ಮೂರಲ್ಲಿ ಕರೆಂಟ್ ಹೋಗೋದು ನಿಮಗೆ ಗೊತ್ತಲ್ಲಾ. ಇವತ್ತಿನವರೆಗೂ ಕರೆಂಟ್ ಹೋಗಿ ಒಂದು ಗುದ್ದಾಟ ಆಗಿಲ್ಲ.

ಮೂರು ಭಾನುವಾರದಲ್ಲಿ ಎಲ್ಲಾ ರೆಡಿ ಆಯ್ತು. ಸ್ವಿಚ್ ಹಾಕಿದ್ರೆ ಸಾಕು, ಪ್ಯಾಸೆಂಜರ್ ಹೋಗೋದು, ಬರೋದು, ನಿಲ್ಲೋದು. ಆಮೇಲೆ ಗೂಡ್ಸು. ಯಾರೂ ಏನೂ ಮುಟ್ಟೋ ಹಂಗಿಲ್ಲ. ಬೀದಿ ಮಕ್ಕಳೆಲ್ಲಾ ಬಂದು ಚಪ್ಪಾಳೆ ಹೊಡೆದ್ರು. ಇವ್ರು ಕುರ್ಚಿ ತಿರುಗಿಸ್ಕೊಂಡು ನೋಡಿದ್ರು. ಮೂರು ದಿನ ನೋಡಿದ್ರು. ನಾಲ್ಕನೇ ದಿನ ಕುರ್ಚಿ ಮತ್ತೆ ರಸ್ತೆ ಕಡೆ ತಿರುಗ್ತು. ರೈಲು ಅದರ ಪಾಡಿಗೆ ಹಿಂದೆ ಸುತ್ತುತ್ತಾ ಇತ್ತು.

ಮಗಳು ಫೋನಲ್ಲಿ ಅತ್ತೇಬಿಟ್ಳು. ನನಗೆ ಮಾತ್ರ ನಮ್ಮತ್ತೆ ನೆನಪಾದ್ರು. ಅವ್ರಿಗೆ ಕಣ್ಣು ಮಂಜಾದ್ಮೇಲೆ ನಾನೂ ನಮ್ಮ ಓರಗಿತ್ತೀನೂ ಅಡುಗೆಮನೆ ಪೂರ್ತಿ ವಹಿಸ್ಕೊಂಡ್ವು. "ನೀವು ಸುಮ್ನೆ ಕೂತ್ಕೊಳಿ ಅತ್ತೆ" ಅಂತ ಮನೆಯೋರೆಲ್ಲಾ ಹೇಳೋರು. ಅವ್ರು ವಾರದೊಳಗೆ ಬಾಡಿಹೋದ್ರು. ಕೊನೇಗೆ ಬೆಳ್ಳುಳ್ಳಿ ಸುಲಿಯೋದು, ಅವರೇಕಾಯಿ ಬಿಡಿಸೋದು ಅವ್ರ ಮುಂದೆ ಇಟ್ಟಾಗ್ಲೇ ಮತ್ತೆ ಬಯ್ಯೋಕೆ ಶುರು ಮಾಡಿದ್ದು, ಮನೆ ಮನೆಯಂಗೆ ಆಗಿದ್ದು. ಸುಮ್ನೆ ಕೂತ್ಕೊಳಿ ಅನ್ನೋದು ಪ್ರೀತಿ ಮಾತೇ. ಆದ್ರೆ ಅದನ್ನ ಕೇಳಿಸ್ಕೊಂಡೋರಿಗೆ, ನೀನು ಇನ್ನು ಬೇಡ ಅಂದಂಗೆ ಕೇಳ್ತದೆ.

"ಎಲ್ಲಾ ನೀನೇ ಮಾಡಿಬಿಟ್ರೆ ಅಪ್ಪಂಗೆ ಏನು ಕೆಲಸ ಉಳೀತು?" ಅಂದೆ ಮಗಳಿಗೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊರಡ್ಸೋ ಕೆಲಸ ಅಪ್ಪಂಗೇ ಬಿಡ್ತೀನಿ" ಅಂದ್ಳು. ಮುಂದಿನ ಭಾನುವಾರ ಬಂದು ಕಾಲಿಂಗ್ ಬೆಲ್ ಥರದ ಒಂದು ದೊಡ್ಡ ಬಟನ್ನು ಮರದ ಹಲಗೆ ಮೇಲೆ ಕೂರಿಸಿ ಕುರ್ಚಿ ಕೈಗೆ ಕಟ್ಟಿದ್ಳು. ನಿಲ್ಸೋದು, ಪಾಯಿಂಟು ತಿರುಗ್ಸೋದು, ಗುದ್ದದಂಗೆ ನೋಡ್ಕೊಳೋದು ಕಂಪ್ಯೂಟರ್ ಕೆಲಸ. ಯಾವಾಗ ಹೊರಡ್ಬೇಕು ಅನ್ನೋದು ಇವ್ರದು. ಬಟನ್ ಒತ್ತಿದ್ರೆ ಕೈಮರ ಇಳೀತದೆ, ರೈಲು ಹೊರಡ್ತದೆ.

ಮೊದ್ಲು ಎಡಗೈ ಕಡೆ ಕಟ್ಟಿದ್ಳು, ಸುಲಭ ಆಗ್ಲಿ ಅಂತ. ಫಿಸಿಯೋ ಹುಡುಗ ನೋಡಿದವನೇ, "ಅಕ್ಕಾ, ಇದು ಬಲಗಡೆ ಇರ್ಲಿ. ಬರೀ ವ್ಯಾಯಾಮಕ್ಕಿಂತ, ಬೇಕಾದ ಒಂದು ಕೆಲಸಾನ ಮತ್ತೆ ಮತ್ತೆ ಮಾಡೋದೇ ಕೈಗೆ ಒಳ್ಳೇದು" ಅಂದ. ಬಲಗಡೆಗೆ ಹೋಯ್ತು.

ಇಲ್ಲಿ ಒಂದು ತೊಡಕು ಬಂತು. ಪ್ರೋಗ್ರಾಮಲ್ಲಿ ಐದು ಸೆಕೆಂಡು ಕಾಯಿ, ಬಟನ್ ಒತ್ತದಿದ್ರೆ ನೀನೇ ಹೊರಡು ಅಂತ ಒಂದು ಸಾಲು ಇತ್ತು. ಇವ್ರು ತೊಡೆ ಮೇಲಿಂದ ಕೈ ಎತ್ತಿ ಬಟನ್ ಹತ್ರ ತರೋಕೇ ಅರ್ಧ ನಿಮಿಷ ಬೇಕು. ಕೈ ಅರ್ಧ ದಾರಿಗೆ ಬಂದಿರೋದು, ರೈಲು ಹೊರಟೇಹೋಗೋದು. ಇವ್ರು ಕೈ ಕೆಳಗಿಟ್ಟುಬಿಡೋರು. ಮಗಳು ಬರೋಕೆ ಇನ್ನೂ ಐದು ದಿನ ಇತ್ತು. ನಾನು ಫೋನ್ ಮಾಡಿ, "ನೀನು ಹೇಳು, ನಾನೇ ಮಾಡ್ತೀನಿ" ಅಂದೆ. ಪಿಯುಸಿ ಆದ್ಮೇಲೆ ಇಂಗ್ಲಿಷ್ ಓದಿದ್ದೇ ಕಮ್ಮಿ. ಅವಳ ಹಳೇ ಲ್ಯಾಪ್‌ಟಾಪ್ ತೆಗೆದು, ವೈರು ಚುಚ್ಚಿ, ಅವಳು ಹೇಳಿದ ಸಾಲು ಹುಡುಕಿದೆ. ಅದ್ರಲ್ಲಿ 5000 ಅಂತಿತ್ತು. ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕ ಅದು, 5000 ಅಂದ್ರೆ ಐದು ಸೆಕೆಂಡು. "40000 ಮಾಡಮ್ಮಾ" ಅಂದ್ಳು. ನಾನು ಯೋಚ್ನೆ ಮಾಡ್ದೆ. ನಲವತ್ತು ಸೆಕೆಂಡು ಅಂದ್ರೂ ಅವ್ರನ್ನ ಅವಸರ ಮಾಡಿದಂಗೇ. "ಕಾಯೋದಕ್ಕೆ ಲೆಕ್ಕಾನೇ ಬೇಡ, ಆ ಸಾಲೇ ತೆಗೀತೀನಿ" ಅಂದೆ. ಅಳಿಸ್ಬೇಡ, ಸಾಲಿನ ಮುಂದೆ ಎರಡು ಓರೆಗೆರೆ ಹಾಕು, ಕಂಪ್ಯೂಟರ್ ಅದನ್ನ ಓದಲ್ಲ, ಬೇಕಾದಾಗ ಗೆರೆ ತೆಗೆದ್ರೆ ಆಯ್ತು ಅಂದ್ಳು. ಹಾಕಿದೆ. ಬಾಣದ ಗುರುತು ಒತ್ತಿದೆ. ನೀಲಿ ದೀಪ ಮಿಣಮಿಣ ಅಂದು ಮುಗೀತು.

ಅವತ್ತು ಸಂಜೆ ಪ್ಯಾಸೆಂಜರ್ ಸ್ಟೇಷನ್ನಲ್ಲಿ ನಿಂತೇ ಇತ್ತು. ಇವ್ರು ಅದನ್ನ ನೋಡಿದ್ರು, ನನ್ನನ್ನ ನೋಡಿದ್ರು. "ಹೊರಡಲ್ಲ. ನೀವು ಬಿಡೋವರೆಗೂ ಹೊರಡಲ್ಲ" ಅಂದೆ. ನಾನು ಸೊಪ್ಪು ಬಿಡಿಸ್ತಾ ಕೂತಿದ್ದೆ. ಒಂದು ಕಂತೆ ಮುಗಿಯೋ ಹೊತ್ತಿಗೆ ಕೈಮರ ಟಕ್ ಅಂತು.

ಹಾಲಿನ ಲೆಕ್ಕದ ಪುಸ್ತಕದ ಹಿಂದೆ ದಿನಾ ಎಷ್ಟು ರೈಲು ಬಿಟ್ರು ಅಂತ ಗೆರೆ ಹಾಕ್ತೀನಿ. ಮೊದಲ ದಿನ ಮೂರು. ಹದಿನೈದು ದಿನಕ್ಕೆ ಎಂಟು. ಈಗ ಇಪ್ಪತ್ತರ ಮೇಲೆ ಹೋಗ್ತದೆ, ಮಳೆ ಇಲ್ದಿದ್ರೆ. ಕೈ ಸರಿಹೋಯ್ತು ಅಂತ ನಾನು ಹೇಳಲ್ಲ, ಸುಳ್ಳು ಯಾಕೆ ಹೇಳ್ಬೇಕು. ಅಂಗಿ ಗುಂಡಿ ಹಾಕ್ಕೊಳೋಕೆ ಆಗಲ್ಲ. ಆದ್ರೆ ಎರಡೂ ಕೈಲಿ ಲೋಟ ಹಿಡ್ಕೊಂಡು ಕಾಫಿ ಕುಡೀತಾರೆ. ಫಿಸಿಯೋ ಹುಡುಗ ಬಂದಾಗ ಯಾಕೆ ಹಿಸುಕ್ಬೇಕು ಅಂತ ಕೇಳಲ್ಲ. ಗೂಡ್ಸು ತಡ ಆದ್ರೆ ನನ್ನ ಮೇಲೆ ರೇಗ್ತಾರೆ. ರೇಗ್ಲಿ.

ನೀವೂ ಯಾರಾದ್ರೂ ಮಾಡೋದಾದ್ರೆ, ಕೆಲವು ಮಾತು ತಿಳ್ಕೊಂಡಿರಿ. ಅಲ್ಯುಮಿನಿಯಂ ಪಟ್ಟಿ ಬಿಸಿಲಿಗೆ ಹಿಗ್ಗುತ್ತದೆ. ಹನ್ನೆರಡು ಅಡಿ ಪಟ್ಟಿ, ಬೆಳಗಿನ ತಂಪಿಗೂ ಮಧ್ಯಾಹ್ನದ ಸುಡು ಹೊತ್ತಿಗೂ 30 ಡಿಗ್ರಿ ವ್ಯತ್ಯಾಸ ಇದ್ರೆ, ಎರಡೂವರೆ ಮಿಲಿಮೀಟರ್ ಉದ್ದ ಆಗ್ತದೆ. ಜೋಡಣೆ ಹತ್ರ ಅಷ್ಟು ಸಂದು ಬಿಡಿ, ಇಲ್ದಿದ್ರೆ ಹಳಿ ಸೊಟ್ಟ ಆಗ್ತದೆ. ಡಬ್ಬಿಗಳ ಸುತ್ತ ಇರುವೆ ಚಾಕ್ ಗೆರೆ ಎಳೀರಿ, ಬೆಚ್ಚಗಿರೋ ಜಾಗ ಇರುವೆಗೆ ಬಹಳ ಇಷ್ಟ. ಡಬ್ಬಿಗೆ ವೈರಿನ ತೂತು ಕೆಳಗಡೆ ಮಾಡಿ, ಮೇಲಿದ್ರೆ ಮಳೆ ನೀರು ಇಳೀತದೆ. ಬ್ಯಾಟರಿ ಸೆಲ್ಲು ರಾತ್ರಿಯೆಲ್ಲಾ ಚಾರ್ಜಿಗೆ ಹಾಕಿ ಮಲಗ್ಬೇಡಿ, ಒಲೆ ಹತ್ರ ಇಡ್ಬೇಡಿ, ಉಬ್ಬಿದ್ದು ಕಂಡ್ರೆ ಮತ್ತೆ ಬಳಸ್ಬೇಡಿ. ಚಕ್ಕೋತದ ಗಿಡದ ಕೆಳಗೆ ಹಳಿ ಹಾಕಲೇಬೇಡಿ. ಒಂದು ಹಣ್ಣು ಬಿದ್ರೆ ಸೇತುವೇನೇ ಹೋಗ್ತದೆ, ನಮ್ಮದು ಎರಡು ಸಲ ಹೋಗೈತೆ.

ಎಲ್ಲಕ್ಕಿಂತ ಮುಖ್ಯ, ಏನು ಮಿಷನ್ನಿಗೆ ಕೊಡ್ಬೇಕು, ಏನು ಮನುಷ್ಯರಿಗೆ ಉಳಿಸ್ಬೇಕು ಅಂತ ಮೊದ್ಲೇ ಕೂತು ಮಾತಾಡಿ. ಅದಕ್ಕೆ ದುಡ್ಡೇನೂ ಬೇಕಾಗಲ್ಲ.

ಒಟ್ಟು 3,500 ರೂಪಾಯಿ. ಫಿಸಿಯೋ ಒಂಬತ್ತು ಸಲ ಬಂದು ಹೋಗೋ ದುಡ್ಡಿಗಿಂತ ನೂರು ರೂಪಾಯಿ ಕಮ್ಮಿ. ಫಿಸಿಯೋ ಬಿಡಿಸಿಲ್ಲ, ಅದೂ ನಡೀತಾ ಐತೆ. ಮುಂದಿನ ತಿಂಗಳು ಮಗಳು ಎರಡನೇ ಬಟನ್ನು ತರ್ತಾಳಂತೆ, ಇಂಜಿನ್ ಕೂಗು ಹಾಕ್ಸೋಕೆ. ಅದು ಕಿರುಬೆರಳಿಗೆ. ದಾರಿ ಕಡೆ ಬಂದೋರು ಸಂಜೆ ಐದರ ಮೇಲೆ ಬನ್ನಿ, ಕಾಫಿ ಕುಡಿದು ಒಂದು ರೈಲು ನೋಡ್ಕೊಂಡು ಹೋಗಿ. ಬಟನ್ ಮಾತ್ರ ನೀವು ಒತ್ತೋ ಹಂಗಿಲ್ಲ.